ನಾಲೆಗೆ ನೀರು ಬಂದ ಮೇಲೆ ನೆಲ ನೋಡಿ

ನಮ್ಮ ಮನೆ ಮಂಡ್ಯದ ಹೊರಗಡೆ. ಕಾರ್ ಶೆಡ್ಡಿನ ಹಿಂದೆ ಭತ್ತದ ಗದ್ದೆ, ಅದರಾಚೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಒಂದು ಕವಲು. ಶೆಡ್ಡಿನ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ, ಅಂದರೆ ಗಟ್ಟಿಯಾಗಿ ಕೂರುವ ರಾಳದ ಬಣ್ಣ, ಹಾಕಿಸೋಣ ಅಂತ ಬೇಸಿಗೆಯಲ್ಲಿ ಯೋಚಿಸಿದೆ. ನೆಲ ಚೆನ್ನಾಗಿ ಒಣಗಿತ್ತು. ಹಿಂದಿನ ಗೋಡೆಯ ಬುಡದಲ್ಲಿ ಮಾತ್ರ ಉಪ್ಪಿನಂಥ ಬಿಳಿ ಪುಡಿ. ಗುಡಿಸಿದರೂ ಮತ್ತೆ ಬರುತ್ತಿತ್ತು. ಮೇಸ್ತ್ರಿ ಅದನ್ನು ನೋಡಿದ್ದೇ, "ನಾಲೆಗೆ ನೀರು ಬುಡ್ಲಿ ಸಾ, ಆಮೇಲ್ ನೋಡ್ಕಂಡು ಬಳುಸ್ಕಳಿ" ಅಂದರು.

ಅವರು ಹೇಳಿದ್ದು ಸರಿ. ಕಾಂಕ್ರೀಟ್ ಒಳಗೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕೆಳಗಿನ ಮಣ್ಣಿನ ನೀರು ಅವುಗಳ ಮೂಲಕ ಮೇಲೇರುತ್ತದೆ, ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದಾಗ ಉಪ್ಪು ಉಳಿಯುತ್ತದೆ. ಮೇಲೆ ಎಪಾಕ್ಸಿ ಪದರ ಕೂತರೆ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಆಗ ಗುಳ್ಳೆ ಏಳುತ್ತದೆ, ಪದರ ಬಿಡುತ್ತದೆ. ಬೇಸಿಗೆಯಲ್ಲಿ ಅಂತರ್ಜಲ ಕೆಳಗಿರುತ್ತದೆ, ನೆಲ ಸುಮ್ನೆ ಒಳ್ಳೆಯದಾಗಿ ಕಾಣುತ್ತದೆ. ಗದ್ದೆಯಲ್ಲಿ ನೀರು ನಿಂತಾಗ ಕಥೆಯೇ ಬೇರೆ.

ಹಾಗಾಗಿ ಕಾದೆ. ನಾಟಿ ಮುಗಿದ ಮೇಲೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ಬೇರೆ ಬೇರೆ ಕಡೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿದೆ. ಕನಿಷ್ಠ 16 ಗಂಟೆ ಬಿಡಬೇಕು. ಬಿಸಿಲು ನೇರವಾಗಿ ಬೀಳಬಾರದು. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿ ಇದ್ದರೆ, ಅಥವಾ ಆ ಜಾಗ ಕಪ್ಪಾಗಿದ್ದರೆ, ತೇವ ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲ್ಗಡೆ ಹನಿ ಕೂತಿದ್ದರೆ ಅದು ಗಾಳಿಯ ತೇವ. ನನ್ನಲ್ಲಿ ಬಾಗಿಲ ಕಡೆಯವು ಒಣಗಿದ್ದವು, ಗೋಡೆ ಕಡೆಯವು ಒದ್ದೆ.

ಈ ಪರೀಕ್ಷೆ ಎಷ್ಟು ತೇವ ಅಂತ ಹೇಳುವುದಿಲ್ಲ. ಅದಕ್ಕೆ ನೆಲದ ದಪ್ಪದ 40 ಶೇಕಡಾ ಆಳಕ್ಕೆ ತೂತು ಕೊರೆದು ಸೆನ್ಸರ್ ಇಡಬೇಕು. ಆ ಅಳತೆಯನ್ನು ಬಣ್ಣದ ಡಬ್ಬದವರು ಹೇಳುವ ಮಿತಿಗೆ ಹೋಲಿಸಬೇಕು. ಬಾಗಿಲ ಕಡೆ ಹಾಗೆ ಅಳೆಸಿದೆ, ಮಿತಿಯೊಳಗಿತ್ತು. ಗೋಡೆ ಕಡೆ ಅಳೆಯುವುದೇನಿದೆ, ಕಣ್ಣಿಗೇ ಕಾಣುತ್ತಿತ್ತಲ್ವಾ?

ಬಣ್ಣಕ್ಕಿಂತ ಮೊದಲು ಹೊರಗಿನ ನೀರು. ತಾರಸಿ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಅದನ್ನು ಚರಂಡಿಗೆ ತಿರುಗಿಸಿದೆ, ಮಣ್ಣನ್ನು ಗೋಡೆಯಿಂದ ಆಚೆಗೆ ಇಳಿಜಾರು ಮಾಡಿಸಿದೆ. ತೇವ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಗದ್ದೆ ನೀರನ್ನು ಯಾರು ತಡೆಯುತ್ತಾರೆ?

ಆದ್ದರಿಂದ ಶೆಡ್ಡನ್ನು ಎರಡು ಭಾಗ ಮಾಡಿದೆ. ಒಣ ಭಾಗಕ್ಕೆ ಎಪಾಕ್ಸಿ. ಬಣ್ಣ ಹಿಡಿಯಲು ನೆಲವನ್ನು ತರಿತರಿ ಮಾಡಬೇಕು. ಅದಕ್ಕೆ ಆಸಿಡ್ ತೊಳೆತ ಬೇಡ ಅಂದೆ, ನೆಲಕ್ಕೆ ಇನ್ನಷ್ಟು ನೀರು ಕುಡಿಸಿದ ಹಾಗಾಗುತ್ತದೆ. ಡೈಮಂಡ್ ಗ್ರೈಂಡರ್‌ನಲ್ಲಿ ಉಜ್ಜಿಸಿ ಧೂಳು ತೆಗೆಸಿದೆ. ನಂತರ ತೇವ ತಡೆಯುವ ಎಪಾಕ್ಸಿ ಪ್ರೈಮರ್, ಅಂದರೆ ಅಡಿಪದರ. ಅದನ್ನು ಮಧ್ಯಾಹ್ನ ದಾಟಿದ ಮೇಲೆ ಬಳಿಸಿದೆ, ಯಾಕೆಂದರೆ ನೆಲ ಕಾಯುತ್ತಾ ಹೋಗುವಾಗ ಒಳಗಿನ ಗಾಳಿ ಹಿಗ್ಗಿ ಪದರದಲ್ಲಿ ಸಣ್ಣ ತೂತು ಮಾಡುತ್ತದೆ. ಇಬ್ಬನಿ ಕೂರುವ ಹೊತ್ತಿಗೂ ಬಿಡಬಾರದು. ನೆಲದ ಬಿಸಿ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಇರಬೇಕು.

ಗೋಡೆ ಕಡೆಯ ಭಾಗಕ್ಕೆ ಎಪಾಕ್ಸಿ ಹಾಕಿಸಲೇ ಇಲ್ಲ. ಸಿಲಿಕೇಟ್ ದ್ರವ ಎಳೆಸಿದೆ. ಅದು ಕಾಂಕ್ರೀಟ್ ಒಳಗೆ ಸೇರಿ ಮೇಲ್ಮೈಯನ್ನು ಗಟ್ಟಿ ಮಾಡುತ್ತದೆ. ಪದರವೇ ಇಲ್ಲದ್ದು ಏಳುವುದೆಲ್ಲಿ? ಹೊಳಪಿಲ್ಲ, ಎಣ್ಣೆ ಕಲೆ ಸ್ವಲ್ಪ ಹಿಡಿಯುತ್ತದೆ, ಬಿಳಿ ಪುಡಿ ಆಗಾಗ ಬರುತ್ತದೆ, ಪೊರಕೆ ಸಾಕು. ನೋಡಿದವರು "ಅರ್ಧಕ್ಕೇ ಯಾಕೆ ಬಿಟ್ರಿ?" ಅಂತಾರೆ.

ಹೊಸ ಶೆಡ್ ಕಟ್ಟುವವರಿಗೆ ಇಷ್ಟೆಲ್ಲ ಬೇಕಿಲ್ಲ. ಕಾಂಕ್ರೀಟ್ ಸುರಿಯುವ ಮುಂಚೆ ಕನಿಷ್ಠ 250 ಮೈಕ್ರಾನ್ ಪ್ಲಾಸ್ಟಿಕ್ ಶೀಟ್ ಹಾಸಿಸಿ, ಶೀಟುಗಳು ಸೇರುವ ಕಡೆ ಅಂಚುಗಳು ಒಂದರ ಮೇಲೊಂದು ಬರುವಂತೆ ಇಟ್ಟು ಟೇಪ್ ಹಾಕಿಸಿ. ಇನ್ನೊಂದು ಮಾತು, 28 ದಿನಕ್ಕೆ ಕಾಂಕ್ರೀಟ್ ಗಟ್ಟಿಯಾಗುತ್ತದೆ, ಒಣಗಿರುವುದಿಲ್ಲ. ಇಂಚಿಗೆ ಒಂದು ತಿಂಗಳು ಅಂತ ಲೆಕ್ಕ ಹಿಡಿದು ಕಾಯಿರಿ, ಆಮೇಲೂ ಹಾಳೆ ಹಾಸಿ ನೋಡಿ.