ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕೇ? ಮೊದಲು ಕೋಣೆ, ಆಮೇಲೆ ಮೈಕು

‘ಹಾಡು ರೆಕಾರ್ಡ್ ಮಾಡ್ಬೇಕು, ಯಾವ ಮೈಕ್ ತಗೊಳ್ಳಲಿ?’ ಎಂದು ಸುಗಮ ಸಂಗೀತ ಕಲಿಯುವ ಗೆಳೆಯರು ಕೇಳುತ್ತಲೇ ಇರುತ್ತಾರೆ. ‘ನಿಮ್ಮ ಕೋಣೆಯ ಕಿಟಕಿ ರಸ್ತೆ ಕಡೆಗಿದೆಯಾ?’ ಎಂದು ನಾನು ಮೊದಲು ವಿಚಾರಿಸುತ್ತೇನೆ. ಬೆಂಗಳೂರಿನಲ್ಲಿ ಮೈಕಿನ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು.

ಹನುಮಂತನಗರದ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಾಗ ನಾನು ಕೊಂಡ ಮೊದಲ ಮೈಕು ಕಂಡೆನ್ಸರ್. ಆಸೆಯಿಂದ ಒಂದು ಭಾವಗೀತೆ ಹಾಡಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಪಲ್ಲವಿಯ ಉದ್ದಕ್ಕೂ ಸಂಪಿನ ಮೋಟರಿನ ಗುಂಯ್ ಸದ್ದು, ಚರಣದ ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗು. ಮೈಕಿನಲ್ಲಿ ದೋಷವೇನೂ ಇರಲಿಲ್ಲ. ಸಣ್ಣ ಸದ್ದನ್ನೂ ಹಿಡಿಯುವುದೇ ಕಂಡೆನ್ಸರ್‌ನ ಗುಣ.

ಕೋಣೆಯನ್ನು ಪರೀಕ್ಷಿಸಿ

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಟಣ್’ ಎಂದು ಬಾಲ ಎಳೆದರೆ ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತಿವೆ ಎಂದರ್ಥ. ಅದಕ್ಕೆ ತೆಳು ಫೋಮ್ ಹಾಳೆಗಳನ್ನು ಅಂಟಿಸಿ ದುಡ್ಡು ಕಳೆಯಬೇಡಿ. ಅವು ಕೀರಲು ಸದ್ದನ್ನಷ್ಟೇ ಹೀರುತ್ತವೆ, ಹೊರಗಿನ ಆಟೋ ಹಾರ್ನನ್ನು ತಡೆಯುವುದಿಲ್ಲ. ಹತ್ತಿ ತುಂಬಿದ ರಜಾಯಿ ಅಥವಾ ಹಾಸಿಗೆಯನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿ. ಹೌದು, ಬೆನ್ನ ಹಿಂದೆ. ಹಾಡುವ ಮೈಕುಗಳಲ್ಲಿ ಹೆಚ್ಚಿನವು ಕಾರ್ಡಿಯಾಯ್ಡ್. ಎದುರಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುತ್ತವೆ. ಮೈಕಿಗೆ ಎದುರಾಗಿರುವುದು ನಿಮ್ಮ ಮುಖ ಮತ್ತು ಅದರ ಹಿಂದಿನ ಗೋಡೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಅದಕ್ಕೆ ಬೆನ್ನು ಮಾಡಿ ಹಾಡಿದರೂ ವ್ಯತ್ಯಾಸ ಕೇಳಿಸುತ್ತದೆ.

ಮೈಕು

ರಸ್ತೆ ಬದಿಯ ಮನೆಯಾದರೆ, ಸಣ್ಣಪುಟ್ಟ ಸದ್ದನ್ನು ಅಷ್ಟಾಗಿ ಹಿಡಿಯದ ಡೈನಮಿಕ್ ಮೈಕು ಕೊಳ್ಳಿ ಎಂದೇ ನನ್ನ ಸಲಹೆ. ವೇದಿಕೆಗಳಲ್ಲಿ ಕಾಣುವ ಶೂರ್ ಎಸ್‌ಎಂ58 ಈ ಜಾತಿಯದು, 1966ರಿಂದ ಬಳಕೆಯಲ್ಲಿದೆ. ಇದೇ ಬಗೆಯ ಅಗ್ಗದ ಮೈಕುಗಳೂ ಸಿಗುತ್ತವೆ. ನಾಲ್ಕೈದು ಬೆರಳಿನಷ್ಟು ಹತ್ತಿರ ನಿಂತು ಹಾಡಿದರೆ ನಿಮ್ಮ ದನಿ ಮುಂದೆ ಬರುತ್ತದೆ, ಬೀದಿ ಹಿಂದೆ ಸರಿಯುತ್ತದೆ. ತೀರಾ ಹತ್ತಿರ ಹೋದರೆ ಮಂದ್ರ ಸ್ವರಗಳು ಊದಿಕೊಂಡಂತಾಗುತ್ತವೆ, ಅಷ್ಟು ಗಮನವಿರಲಿ.

ಒಳಗಿನ ಕೋಣೆ ಇದ್ದು, ಬೆಳಗಿನ ಜಾವ ಹಾಡುವ ಅಭ್ಯಾಸವಿದ್ದರೆ ಕಂಡೆನ್ಸರ್ ಚೆನ್ನ. ಆಡಿಯೋ ಟೆಕ್ನಿಕಾ ಎಟಿ2020 ಅಂಥದ್ದು; ಗಮಕದ ಸೂಕ್ಷ್ಮಗಳು ಸ್ಪಷ್ಟವಾಗಿ ಬರುತ್ತವೆ. ಆದರೆ ಇಂಥ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಕೇಬಲ್ಲಿನ ಮೂಲಕವೇ ಮೈಕಿಗೆ ಹರಿಯುವ ವಿದ್ಯುತ್, ಬೇಕು. ಮೈಕು, ಸ್ಟ್ಯಾಂಡು, ಫೋಮ್ ಎಲ್ಲ ಸೇರಿಸಿ ಒಂದೇ ಡಬ್ಬಿಯಲ್ಲಿ ಮಾರುವ ಅಗ್ಗದ ಕಿಟ್‌ಗಳಲ್ಲಿ ಹೆಚ್ಚಾಗಿ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ ಚುಚ್ಚುವ ವೈರ್ ಇರುತ್ತದೆ. ಅದರಿಂದ 48 ವೋಲ್ಟ್ ಬರಲಾರದು. ಬಡಕಲು ದನಿ, ಅದರ ಮೇಲೆ ಸುಯ್ ಸದ್ದು. ನನ್ನ ಪರಿಚಯದ ಇಬ್ಬರು ಹೀಗೆ ದುಡ್ಡು ಕಳೆದುಕೊಂಡದ್ದು ನೋಡಿ ಸಂಕಟವಾಗಿದೆ.

ಇಂಟರ್‌ಫೇಸ್

ಮೈಕಿನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ ಇದು. ಒಬ್ಬರೇ ಹಾಡುವುದಾದರೆ ಒಂದು ಮೈಕಿನ ಜಾಗ ಸಾಕು. ಬೆರಿಂಜರ್ ಯುಎಂ2 ಅಗ್ಗದ್ದು, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಅದಕ್ಕಿಂತ ದುಬಾರಿ. ಡೈನಮಿಕ್ ಮೈಕು ಕೊಂಡವರು ಗೇನ್ (ದನಿಯನ್ನು ಹಿಗ್ಗಿಸುವ ಶಕ್ತಿ) ಚೆನ್ನಾಗಿರುವ ಇಂಟರ್‌ಫೇಸನ್ನೇ ಹುಡುಕಬೇಕು. ಆ ಮೈಕಿನಿಂದ ಬರುವ ದನಿ ಸಣ್ಣದು. ಇಷ್ಟೆಲ್ಲ ಬೇಡವೆನಿಸಿದರೆ ಹೆಡ್‌ಫೋನ್ ಜಾಗವಿರುವ ಯುಎಸ್‌ಬಿ ಮೈಕು ಆಗುತ್ತದೆ. ಮುಂದೆ ಬೇರೆ ಮೈಕು ಬೇಕೆನಿಸಿದಾಗ ಪೂರ್ತಿ ಹೊಸದನ್ನೇ ಕೊಳ್ಳಬೇಕಾಗುತ್ತದೆ.

ಉಳಿದದ್ದು

ಹೆಡ್‌ಫೋನ್ ಕಿವಿ ಮುಚ್ಚುವಂಥದ್ದಾಗಿರಲಿ, ಇಲ್ಲವಾದರೆ ತಂಬೂರಿ ಶ್ರುತಿ ಸೋರಿ ಮೈಕಿಗೆ ಸೇರುತ್ತದೆ. ಬ್ಲೂಟೂತ್ ಬೇಡ, ದನಿ ತಡವಾಗಿ ಬಂದು ತಾಳ ತಪ್ಪಿಸುತ್ತದೆ. ಮೈಕನ್ನು ಇಂಟರ್‌ಫೇಸಿಗೆ ಜೋಡಿಸುವ ಎಕ್ಸ್‌ಎಲ್‌ಆರ್ ಕೇಬಲ್ಲಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿ, ಮೂರು ಮೀಟರ್ ಸಾಕು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಫಲ’, ‘ಭಾಗ್ಯ’, ‘ಪಾದ’ ಎಂದು ಹೇಳಿ ನೋಡಿ. ಕೈಗೆ ಬಡಿಯುವ ಆ ಗಾಳಿಯೇ ರೆಕಾರ್ಡಿಂಗ್‌ನಲ್ಲಿ ‘ಧಪ್’ ಎನ್ನುತ್ತದೆ. ಕಸೂತಿ ಹಾಕುವ ರಿಂಗಿಗೆ ತೆಳು ನೈಲಾನ್ ಬಟ್ಟೆ ಬಿಗಿದು ಮೈಕಿನ ಮುಂದೆ ನಿಲ್ಲಿಸಿದರೆ ಪಾಪ್ ಫಿಲ್ಟರ್ ಸಿದ್ಧ. ತಂತ್ರಾಂಶಕ್ಕೆ ಆಡಾಸಿಟಿ ಇದೆ, ಉಚಿತ.

ಕೊಂಡ ದಿನವೇ ಪರೀಕ್ಷೆ

ವಾಪಸಾತಿಯ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ. ಚರಣದ ತಾರಸ್ಥಾಯಿಯ ಸಾಲನ್ನು ಪೂರ್ತಿ ದನಿಯಲ್ಲಿ ಹಾಡಿ, ತಂತ್ರಾಂಶದಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ತಿರುಗಿಸಿ. ಅದೇ ಸಾಲನ್ನು ಫೋನಿನಲ್ಲೂ ರೆಕಾರ್ಡ್ ಮಾಡಿ, ಎರಡನ್ನೂ ಪಕ್ಕಪಕ್ಕ ಕೇಳಿ. ಆಮೇಲೆ ಹತ್ತು ಸೆಕೆಂಡು ಸುಮ್ಮನಿದ್ದು ರೆಕಾರ್ಡ್ ಮಾಡಿ. ಗುಂಯ್ ಎಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಇನ್ನೊಮ್ಮೆ ನೋಡಿ. ಸದ್ದು ನಿಂತರೆ ತಪ್ಪು ಕರೆಂಟಿನ ಕಡೆಯದು, ಮೈಕು ವಾಪಸ್ ಕಳಿಸಬೇಕಿಲ್ಲ.