ರೇಟು ನೋಡದೆ ಕಾಫಿ ಮಾರಿದ್ದು: ನನ್ನ ಅನುಭವ

2024ರ ಕೊಯ್ಲಿನಿಂದ ಈಚೆಗೆ ಸಂಜೆ ಪ್ರಾರ್ಥನೆಗೆ ಕೂತಾಗ ನನ್ನ ಮನಸ್ಸು ಕಾಫಿ ರೇಟಿನ ಹಿಂದೆ ಓಡಿಲ್ಲ. ಮೂಡಿಗೆರೆ ಕಡೆಯ ಬೆಳೆಗಾರರಿಗೆ ಇದು ಸಣ್ಣ ಮಾತಲ್ಲ. ನಮ್ಮ ರೇಟಿಗೆ ದಾರಿ ತೋರಿಸುವ ನ್ಯೂಯಾರ್ಕ್‌ನ ಅರೇಬಿಕಾ ಕಾಫಿ ಮಾರ್ಕೆಟ್ ನಮ್ಮ ಮಧ್ಯಾಹ್ನ ತೆರೆದು ರಾತ್ರಿ ಮುಚ್ಚುತ್ತದೆ. ನಾವು ಬೈಬಲ್ ತೆಗೆಯುವ ಹೊತ್ತಿಗೇ ಅಲ್ಲಿ ರೇಟು ಕುಣಿಯುತ್ತಿರುತ್ತದೆ.

2020ರ ಸುಮಾರಿಗೆ 50 ಕೆಜಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಚೀಲಕ್ಕೆ ಹತ್ತು ಸಾವಿರ ಸಿಕ್ಕರೆ ಹೆಚ್ಚು. ಆಗ ಪ್ರಾರ್ಥನೆ ತಾನಾಗೇ ಬರುತ್ತಿತ್ತು, ಸಾಲ ಇತ್ತಲ್ಲ! 2024ರಲ್ಲಿ ಏರುತ್ತಾ ಹೋಗಿ, ಮುಂದಿನ ಫೆಬ್ರವರಿಗೆ 26 ಸಾವಿರದ ಆಸುಪಾಸು ಬಂತು. ಆಸ್ತಿ ಹೆಚ್ಚಿದರೂ ಅದರಲ್ಲಿ ಮನಸ್ಸಿಡಬೇಡಿ ಅಂತ ಬೈಬಲ್‌ನ 62ನೇ ಕೀರ್ತನೆಯಲ್ಲಿದೆ. ಅಲ್ಲಿಯವರೆಗೆ ಅದು ಬೇರೆ ಯಾರಿಗೋ ಬರೆದ ವಚನ ಅಂದುಕೊಂಡಿದ್ದೆ.

ರೇಟು ಏರಲು ಶುರುವಾದಾಗಲೇ ಎಲ್ಲರೂ ಮಾಡುವುದನ್ನು ಮಾಡಿ ನೋಡಿದ್ದೆ. ಮೊಬೈಲ್ ಬೀರುವಿನಲ್ಲಿಟ್ಟೆ, ಕಣ್ಣು ಮುಚ್ಚಿದರೆ ಬೀರುವೇ ಕಾಣುತ್ತಿತ್ತು. ರೇಟಿನ ಗ್ರೂಪ್‌ಗಳಿಂದ ಹೊರಬಂದೆ. ಪಕ್ಕದ ತೋಟದವರು ಫೋನ್ ಮಾಡಿ ಹೇಳಿದರು. ಉಪವಾಸ ಹಿಡಿದೆ, ಹಸಿದ ಹೊಟ್ಟೆಯಲ್ಲಿ ಲೆಕ್ಕ ಇನ್ನೂ ಚುರುಕಾಯಿತು. ಭಾನುವಾರ ಮಾತ್ರ ನೆಮ್ಮದಿ. ಅವತ್ತು ಮಾರ್ಕೆಟ್ಟೇ ಇರಲ್ಲ, ಅದರಲ್ಲಿ ನನ್ನ ಭಕ್ತಿಯದ್ದೇನೂ ಇಲ್ಲ ಬಿಡಿ.

ಯಾವತ್ತು ಮಾರಲಿ ಅನ್ನುವುದು ತೀರ್ಮಾನ ಆಗದೇ ಇರುವವರೆಗೆ ಮನಸ್ಸು ರೇಟನ್ನು ಬಿಡಲ್ಲ. ಹಾಗಾಗಿ ಕೊಯ್ಲಿಗೆ ಮುಂಚೆಯೇ ತಾರೀಖು ಗೊತ್ತುಮಾಡಿದೆ. ಫೆಬ್ರವರಿಯಲ್ಲಿ ಒಂದು ಪಾಲು, ಏಪ್ರಿಲ್‌ನಲ್ಲಿ ಒಂದು, ಉಳಿದದ್ದು ಮಳೆಗೆ ಮುಂಚೆ. ಆ ದಿನ ಏನು ರೇಟೋ ಅದೇ. ಕ್ಯಾಲೆಂಡರ್ ಹೆಂಡತಿಯ ಕೈಯಲ್ಲಿ.

ಇನ್ನೊಂದು, ದೇವರ ಪಾಲು. ದುಡ್ಡು ಬ್ಯಾಂಕಿಗೆ ಬಂದ ಮೇಲೆ ದಶಮಾಂಶ ಕೊಡಲು ಕೈ ಬರಲ್ಲ. ಕಣದಲ್ಲೇ ಹತ್ತಕ್ಕೊಂದು ಚೀಲ ಬೇರೆ ಮಾಡಿ, ಬಾಯಿಗೆ ಕೆಂಪು ದಾರದ ಹೊಲಿಗೆ ಹಾಕುತ್ತೇವೆ. ಮೊದಲ ಕೊಯ್ಲಿನ ಒಳ್ಳೆ ಮಾಲೇ ಆಗಬೇಕು, ಕೊನೆಗೆ ಗುಡಿಸಿದ್ದಲ್ಲ. ದೇವರಿಗೆ ಬಲಿಯಾಗಿ ಕುಂಟು ಪಶು ತಂದವರನ್ನು ಬೈಬಲ್‌ನ ಪ್ರವಾದಿ ಮಲಾಕಿಯ ಹೇಗೆ ಗದರಿಸಿದ ಅಂತ ಓದಿದ್ದೀರಲ್ಲ. ಆ ಚೀಲಗಳು ಎಲ್ಲಿಗೆ ಹೋಗುತ್ತವೆ ಅಂತ ಮಾತ್ರ ಬರೆಯಲ್ಲ. ಎಡಗೈಗೂ ಗೊತ್ತಾಗಬಾರದು, ಅಲ್ವಾ?

"ಭಾವ, ನಷ್ಟ ಮಾಡಿಕೊಳ್ಳೋಕೆ ದೇವರನ್ನ ಯಾಕೆ ಎಳೀತೀರಿ?" ಅಂದ ಹೆಂಡತಿಯ ತಮ್ಮ. ನಮ್ಮ ಚರ್ಚಿನ ಹಿರಿಯರೊಬ್ಬರೂ ನಕ್ಕರು. ಲೆಕ್ಕ ಹೇಳಿಬಿಡುತ್ತೇನೆ: ಆ ವರ್ಷದ ಒಳ್ಳೆ ರೇಟಿಗಿಂತ ಸರಾಸರಿ ಚೀಲಕ್ಕೆ ಎರಡು, ಎರಡೂವರೆ ಸಾವಿರ ಕಮ್ಮಿ ಬಂತು. ಮೂವತ್ತು ಆಗಲಿ ಅಂತ ಕಾದ ಭಾವಮೈದ, ಮಳೆ ಹಿಡಿದ ಮೇಲೆ ನನಗಿಂತ ಕಮ್ಮಿಗೆ ಕೊಟ್ಟ. ಈಗ ಅವನೂ ತಾರೀಖು ಕೇಳುತ್ತಾನೆ.

ಕಾಳುಮೆಣಸಿಗೆ ಮಾತ್ರ ಇದು ಇನ್ನೂ ಒಗ್ಗಿಲ್ಲ. ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡದ ಮಾಲು. ತಾರೀಖು ಹಾಕಿದರೂ ಇನ್ನೊಂದು ತಿಂಗಳು ಇರಲಿ ಅನ್ನಿಸುತ್ತದೆ. ಈ ಸಲ ಗೋಡೌನ್ ಬೀಗದ ಕೈಯನ್ನೂ ಹೆಂಡತಿಗೆ ಕೊಟ್ಟು ನೋಡುತ್ತಿದ್ದೇನೆ.