ಪ್ರಿಂಟರ್ ನಿಲ್ಲಿಸಲು ನಾನು ಮೊದಲು ಕೈ ಹಾಕುವುದು ಪೇಪರಿಗೆ

ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಕೆಲಸಕ್ಕೆ ಹೊಸ ಹುಡುಗರು ಬಂದರೆ ಪ್ರಿಂಟ್ ಕೊಡುವುದನ್ನು ಹೇಳಿಕೊಡಬೇಕಿಲ್ಲ, ಅದು ಎಲ್ಲರಿಗೂ ಗೊತ್ತು. ನಾನು ಹೇಳಿಕೊಡುವುದು ನಿಲ್ಲಿಸುವುದನ್ನು. ನಾಲ್ಕು ಪುಟ ಸಾಕು ಅಂದ ಗಿರಾಕಿಯ ಫೈಲಿನಲ್ಲಿ ಇನ್ನೂರು ಪುಟ ಇರುತ್ತದೆ, ಪುಟಸಂಖ್ಯೆ ಹಾಕುವುದನ್ನು ಮರೆತು ಬಟನ್ ಒತ್ತಿರುತ್ತಾರೆ, ಯಂತ್ರ ಹಾಳೆ ಮೇಲೆ ಹಾಳೆ ಉಗುಳುತ್ತಿರುತ್ತದೆ. ಆಗ ಹೊಸಬರ ಕೈ ಸೀದಾ ಗೋಡೆಯ ಸ್ವಿಚ್ಚಿಗೆ ಹೋಗುತ್ತದೆ. ಆ ಕೈಯನ್ನು ಪೇಪರ್ ಟ್ರೇ ಕಡೆಗೆ ತಿರುಗಿಸಿದರೆ ನನ್ನ ಪಾಠ ಮುಕ್ಕಾಲು ಮುಗಿದಂತೆ.

ಪ್ರಿಂಟ್ ಕೊಟ್ಟ ಕೆಲಸ ಯಾವತ್ತೂ ಒಂದೇ ಕಡೆ ಇರುವುದಿಲ್ಲ. ಕಂಪ್ಯೂಟರಿನ ಕ್ಯೂನಲ್ಲಿ, ಅಂದರೆ ಪ್ರಿಂಟಿಗೆ ಕಾದಿರುವ ಕೆಲಸಗಳ ಸಾಲಿನಲ್ಲಿ ಒಂದಿಷ್ಟು, ಕೇಬಲ್ ದಾಟಿ ಪ್ರಿಂಟರಿನ ಮೆಮೊರಿ ಸೇರಿದ್ದು ಒಂದಿಷ್ಟು, ಆಗಲೇ ರೋಲರ್ ಕಚ್ಚಿಕೊಂಡ ಹಾಳೆಯ ಮೇಲೆ ಒಂದಿಷ್ಟು. ಕಂಪ್ಯೂಟರಿನಲ್ಲಿ ಕ್ಯಾನ್ಸಲ್ ಒತ್ತಿದ ಮೇಲೂ ಇನ್ನಷ್ಟು ಹಾಳೆ ಬರುತ್ತಲೇ ಇರುವುದು ಇದರಿಂದಲೇ. ಹಾಗೆ ಬರುವುದನ್ನು ಕಂಡು ಕ್ಯಾನ್ಸಲ್ ಆಗಲಿಲ್ಲ ಎಂದುಕೊಂಡು ಮತ್ತೆ ಮತ್ತೆ ಒತ್ತುವವರೂ ಇದ್ದಾರೆ. ಒತ್ತಿದ್ದು ಆಗಿದೆ, ಆದರೆ ಪ್ರಿಂಟರಿನ ಹೊಟ್ಟೆಗೆ ಆಗಲೇ ಹೋದದ್ದಕ್ಕೆ ಅದು ತಾಕುವುದಿಲ್ಲ.

ಹಾಗಾಗಿ ನನ್ನ ಕ್ರಮ ಹೀಗೆ. ಮೊದಲು ಪೇಪರ್. ಎರಡು ಹಾಳೆಗಳ ನಡುವೆ ಯಂತ್ರ ಒಂದು ಉಸಿರು ತೆಗೆದುಕೊಳ್ಳುತ್ತದಲ್ಲ, ಆ ಬಿಡುವಿನಲ್ಲಿ ಟ್ರೇ ಎಳೆದುಬಿಡುವುದು. ಹಿಂಬದಿಯಿಂದ ಹಾಳೆ ತೆಗೆದುಕೊಳ್ಳುವ ಇಂಕ್ ಪ್ರಿಂಟರ್ ಆದರೆ ಕಟ್ಟನ್ನೇ ಎತ್ತಿಕೊಳ್ಳುವುದು. ಒಳಗೆ ಹೋಗಿದ್ದ ಹಾಳೆ ತನ್ನ ಪಾಡಿಗೆ ಮುಗಿದು ಹೊರಬರುತ್ತದೆ, ಮುಂದಿನದಕ್ಕೆ ಪೇಪರಿಲ್ಲ ಎಂದು ಯಂತ್ರ ದೀಪ ಮಿಣುಕಿಸುತ್ತಾ ನಿಲ್ಲುತ್ತದೆ. ಒಲೆಯ ಉರಿ ಹೆಚ್ಚಾದರೆ ಸೌದೆ ಹಿಂದಕ್ಕೆ ಎಳೆಯುತ್ತೇವೆಯೇ ಹೊರತು ಬಿಂದಿಗೆ ನೀರು ಸುರಿಯುವುದಿಲ್ಲ, ಅಷ್ಟೇ ವಿಷಯ. ಪ್ರಿಂಟರಿಗೆ ಪೇಪರ್ ಮುಗಿಯುವುದು ದಿನನಿತ್ಯದ ಸಂಗತಿ, ಅದರಿಂದ ಯಾವ ಭಾಗಕ್ಕೂ ಏಟಿಲ್ಲ. ಗಮನಿಸಬೇಕಾದದ್ದು ಒಂದು: ಎರಡು ಟ್ರೇ ಇರುವ ದೊಡ್ಡ ಯಂತ್ರಗಳು ಒಂದರಲ್ಲಿ ಖಾಲಿಯಾದರೆ ಇನ್ನೊಂದರಿಂದ ಎಳೆಯಲು ಶುರುಮಾಡಬಹುದು. ಅಲ್ಲಿ ಎರಡನ್ನೂ ಎಳೆಯಬೇಕು.

ಪೇಪರ್ ತೆಗೆದ ಮೇಲೆ ಅವಸರವಿಲ್ಲ. ಈಗ ಕಂಪ್ಯೂಟರ್. ವಿಂಡೋಸ್‌ನಲ್ಲಿ ಕೆಳಗೆ ಗಡಿಯಾರದ ಪಕ್ಕ ಪ್ರಿಂಟರ್ ಚಿತ್ರ ಇರುತ್ತದೆ, ಅದನ್ನು ಎರಡು ಸಲ ಒತ್ತಿದರೆ ಕ್ಯೂ ತೆರೆಯುತ್ತದೆ. ನಾನು ಮೊದಲು ಒತ್ತುವುದು ಪಾಸ್ (Pause), ಅಂದರೆ ಸದ್ಯಕ್ಕೆ ತಡೆದು ನಿಲ್ಲಿಸುವುದು, ಕ್ಯಾನ್ಸಲ್ ಅಲ್ಲ. ಅಂಗಡಿಯಲ್ಲಿ ಒಂದೇ ಕ್ಯೂನಲ್ಲಿ ಮೂರು ಜನರ ಕೆಲಸ ಇರುತ್ತದೆ. ಬೇಡದ್ದು ಒಂದು, ಬೇಕಾದವು ಎರಡು. ಗಾಬರಿಯಲ್ಲಿ ಎಲ್ಲವನ್ನೂ ರದ್ದು ಮಾಡಿದರೆ ಮಿಕ್ಕಿಬ್ಬರು ಮತ್ತೆ ಫೋನ್ ತೆಗೆದು, ವಾಟ್ಸಾಪ್‌ನಲ್ಲಿ ಫೈಲ್ ಹುಡುಕಿ ಕಳಿಸಬೇಕಾಗುತ್ತದೆ. ನಿಲ್ಲಿಸಿ, ಹೆಸರು ನೋಡಿ, ಬೇಡದ್ದರ ಮೇಲೆ ಮಾತ್ರ ಬಲ ಬಟನ್ ಒತ್ತಿ ಕ್ಯಾನ್ಸಲ್. ಫೋನಿನಿಂದ ವೈಫೈ ಮೂಲಕ ನೇರ ಪ್ರಿಂಟರಿಗೆ ಹೋದ ಕೆಲಸ ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಅದನ್ನು ಕಳಿಸಿದ ಫೋನಿನ ನೋಟಿಫಿಕೇಶನ್‌ನಲ್ಲೇ ರದ್ದು ಮಾಡಬೇಕು.

ಮೂರನೆಯದು ಪ್ರಿಂಟರಿನ ಸ್ವಂತ ಕ್ಯಾನ್ಸಲ್ ಬಟನ್, ಸಾಮಾನ್ಯವಾಗಿ ಗುಣಾಕಾರದ ಗುರುತಿನದು. ಮೆಮೊರಿಯಲ್ಲಿ ಉಳಿದದ್ದು ಹೋಗುವುದು ಇದರಿಂದ. ಒತ್ತಿದ ತಕ್ಷಣ ನಿಲ್ಲುವುದಿಲ್ಲ. ದೀಪ ಸ್ವಲ್ಪ ಹೊತ್ತು ಮಿಣುಕುತ್ತದೆ, ಕಂಪ್ಯೂಟರಿನಿಂದ ಬರುತ್ತಿರುವುದನ್ನು ಓದಿ ಓದಿ ಎಸೆಯುತ್ತಿರುತ್ತದೆ. ಆ ಮಿಣುಕು ನಿಲ್ಲುವವರೆಗೆ ಕೈ ಕಟ್ಟಿ ನಿಲ್ಲುವುದೇ ಕಷ್ಟದ ಕೆಲಸ. ದೊಡ್ಡ ಜೆರಾಕ್ಸ್ ಯಂತ್ರಗಳ ಕೆಂಪು ಸ್ಟಾಪ್ ಗುಂಡಿಯನ್ನು ನಂಬಿ ಕೂರಬಾರದು. ಹಲವು ಯಂತ್ರಗಳಲ್ಲಿ ಅದು ನಕಲು ತೆಗೆಯುವುದನ್ನು ಮಾತ್ರ ನಿಲ್ಲಿಸುತ್ತದೆ, ಕಂಪ್ಯೂಟರಿನಿಂದ ಬಂದ ಪ್ರಿಂಟನ್ನು ಪರದೆಯ ಮೇಲಿನ ಕೆಲಸಗಳ ಪಟ್ಟಿಗೆ ಹೋಗಿ ಅಳಿಸಬೇಕು.

ಇಷ್ಟರಲ್ಲಿ ಹೆಚ್ಚಿನ ಸಲ ಮುಗಿಯುತ್ತದೆ. ಮುಗಿಯದಿದ್ದಾಗ ಕ್ಯೂನಲ್ಲಿ ‘ಡಿಲೀಟಿಂಗ್’ ಎಂಬ ಪದ ಬಂದು ಅಲ್ಲೇ ಅಂಟಿಕೊಂಡು ಕೂರುತ್ತದೆ. ಹೋಗುವುದೂ ಇಲ್ಲ, ತನ್ನ ಹಿಂದೆ ಕಾದಿರುವ ಕೆಲಸಕ್ಕೆ ದಾರಿ ಬಿಡುವುದೂ ಇಲ್ಲ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೂ ಎಷ್ಟೋ ಸಲ ಮತ್ತೆ ಹಾಗೇ ಎದ್ದು ಕೂರುತ್ತದೆ, ಏಕೆಂದರೆ ಅದು ಡಿಸ್ಕಿನ ಮೇಲೆ ಫೈಲಾಗಿ ಉಳಿದಿರುತ್ತದೆ. ವಿಂಡೋಸ್‌ನಲ್ಲಿ ಈ ಕ್ಯೂ ನೋಡಿಕೊಳ್ಳುವ ಸರ್ವಿಸ್‌ನ (ತೆರೆಮರೆಯಲ್ಲಿ ಓಡುವ ಪ್ರೋಗ್ರಾಮಿನ) ಹೆಸರು ಪ್ರಿಂಟ್ ಸ್ಪೂಲರ್. ಪ್ರತಿ ಕೆಲಸಕ್ಕೂ ಅದು ಎರಡು ಫೈಲ್ ಬರೆದಿಡುತ್ತದೆ: ಎಸ್‌ಪಿಎಲ್ ಎಂದು ಮುಗಿಯುವ ಫೈಲಿನಲ್ಲಿ ಪುಟಗಳ ಮಾಹಿತಿ, ಎಸ್‌ಎಚ್‌ಡಿ ಎಂದು ಮುಗಿಯುವುದರಲ್ಲಿ ಯಾರು ಕಳಿಸಿದ್ದು, ಯಾವ ಪ್ರಿಂಟರಿಗೆ ಎಂಬ ವಿವರ. ಸರ್ವಿಸ್ ಓಡುತ್ತಿರುವಾಗ ಇವನ್ನು ಅಳಿಸಲು ಹೋದರೆ ಬಳಕೆಯಲ್ಲಿದೆ ಎಂದು ಹಟ ಹಿಡಿಯುತ್ತದೆ. ಆದ್ದರಿಂದ ಮೊದಲು ಸರ್ವಿಸ್ ನಿಲ್ಲಿಸಬೇಕು. ಸರ್ವಿಸಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಹುಡುಕಿ ಸ್ಟಾಪ್ ಕೊಡಬಹುದು, ಇಲ್ಲವೇ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಸ್ಟಾಪ್ ಸ್ಪೂಲರ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬಹುದು. ನಂತರ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಎಂಬ ಫೋಲ್ಡರ್ ತೆರೆದು ಒಳಗಿನ ಫೈಲ್‌ಗಳನ್ನು ಅಳಿಸುವುದು. ಫೋಲ್ಡರನ್ನಲ್ಲ, ಒಳಗಿನ ಫೈಲ್‌ಗಳನ್ನು. ಪಕ್ಕದಲ್ಲೇ ಡ್ರೈವರ್ಸ್ ಎಂಬ ಫೋಲ್ಡರ್ ಇರುತ್ತದೆ, ಅದರ ತಂಟೆಗೆ ಹೋಗಬಾರದು. ಆಮೇಲೆ ‘ನೆಟ್ ಸ್ಟಾರ್ಟ್ ಸ್ಪೂಲರ್’.

ಇದನ್ನು ನಾನು ಕೊನೆಯ ಉಪಾಯವಾಗಿಯೇ ಇಟ್ಟುಕೊಂಡಿದ್ದೇನೆ. ಆ ಕಂಪ್ಯೂಟರಿಗೆ ಸೇರಿದ ಎಲ್ಲ ಪ್ರಿಂಟರುಗಳ ಕ್ಯೂ ಒಟ್ಟಿಗೆ ಗುಡಿಸಿಹೋಗುತ್ತದೆ. ಬಣ್ಣದ ಪ್ರಿಂಟರಿನಲ್ಲಿ ಮದುವೆ ಕಾರ್ಡು ನಡೆಯುತ್ತಿದ್ದರೆ ಅದೂ ಹೋಯಿತು. ಸ್ಪೂಲರನ್ನು ಮತ್ತೆ ಆನ್ ಮಾಡದೆ ಬಿಟ್ಟರೆ ಪ್ರಿಂಟರ್‌ಗಳೇ ಇಲ್ಲವೆಂಬಂತೆ ವಿಂಡೋಸ್ ನಡೆದುಕೊಳ್ಳುತ್ತದೆ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷ ಬಯಲಾದಾಗ, ಸರಿಪಡಿಸಿದ ಅಪ್‌ಡೇಟ್ ಬರುವವರೆಗೆ ಸ್ಪೂಲರನ್ನು ನಿಲ್ಲಿಸಿಡಿ ಎಂಬ ಸಲಹೆ ಬಂದಿತ್ತು. ಅದನ್ನು ಪಾಲಿಸಿದವರಲ್ಲಿ ಕೆಲವರು ಆಮೇಲೆ ಪ್ರಿಂಟರ್ ಕೆಟ್ಟಿದೆ ಎಂದು ನಮ್ಮ ಅಂಗಡಿಗೆ ಹೊತ್ತು ತಂದದ್ದೂ ಉಂಟು!

ಲಿನಕ್ಸ್ ಬಳಸುವವರಿಗೆ ಇಷ್ಟು ಒದ್ದಾಟವಿಲ್ಲ. ಅಲ್ಲಿ ಕಪ್ಸ್ ಎಂಬ ವ್ಯವಸ್ಥೆ ಈ ಕೆಲಸ ನೋಡಿಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ‘ಎಲ್‌ಪಿಸ್ಟ್ಯಾಟ್’ ಕೊಟ್ಟರೆ ಬಾಕಿ ಕೆಲಸಗಳ ಪಟ್ಟಿ, ‘ಕ್ಯಾನ್ಸಲ್’ ಜೊತೆ ಕೆಲಸದ ಸಂಖ್ಯೆ ಕೊಟ್ಟರೆ ಅದೊಂದು ರದ್ದು. ಮ್ಯಾಕ್‌ನಲ್ಲೂ ಒಳಗಿರುವುದು ಇದೇ ಕಪ್ಸ್.

ಇನ್ನು ಗೋಡೆಯ ಸ್ವಿಚ್ ಏಕೆ ಬೇಡ ಎಂಬುದು. ಲೇಸರ್ ಪ್ರಿಂಟರಿನಲ್ಲಿ ಮಸಿ ಅಂದರೆ ಪ್ಲಾಸ್ಟಿಕ್ ಬೆರೆತ ನುಣ್ಣನೆ ಪುಡಿ. ಅದು ಹಾಳೆಗೆ ಅಂಟುವುದು ಕೊನೆಯಲ್ಲಿ ಬರುವ ಫ್ಯೂಸರ್ ರೋಲರಿನ ಬಿಸಿಯಿಂದ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ. ಹಾಳೆ ನಡುದಾರಿಯಲ್ಲಿರುವಾಗ ಕರೆಂಟ್ ತೆಗೆದರೆ ಅರ್ಧ ಹಾಳೆ ಬಿಸಿ ರೋಲರಿನ ಬಾಯಲ್ಲಿ, ಇನ್ನರ್ಧದ ಮೇಲೆ ಅಂಟದ ಪುಡಿ. ಎಳೆದರೆ ಕೈ, ಅಂಗಿ, ಯಂತ್ರದ ಒಳಗೆಲ್ಲ ಕರಿ. ಹಾಗೆ ಸಿಕ್ಕಿಕೊಂಡದ್ದು ಬಂದರೆ ನಾನು ಸ್ವಲ್ಪ ಹೊತ್ತು ಆರಲು ಬಿಡುತ್ತೇನೆ. ಕಾರ್ಟ್ರಿಜ್ ಹೊರತೆಗೆದು ಬಟ್ಟೆ ಮುಚ್ಚಿಡುತ್ತೇನೆ, ಅದರೊಳಗೆ ಅಕ್ಷರ ಮೂಡಿಸುವ ಉರುಳೆಗೆ, ಅಂದರೆ ಡ್ರಮ್ಮಿಗೆ, ಬೆಳಕು ಆಗುವುದಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ಹೋಗುತ್ತಿದ್ದ ದಿಕ್ಕಿಗೇ ನಿಧಾನವಾಗಿ ಎಳೆಯುತ್ತೇನೆ. ಹರಿದರೆ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡುತ್ತೇನೆ. ಒಂದು ಮೂಲೆ ಕಡಿಮೆ ಇದ್ದರೂ ಅದು ಒಳಗೇ ಇದೆ ಎಂದರ್ಥ, ಮುಂದಿನ ಜಾಮ್ ಅಲ್ಲಿಂದಲೇ. ಬಟ್ಟೆಗೆ ಬಿದ್ದ ಪುಡಿಯನ್ನು ಕೊಡವಿ ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರು ತಾಕಿದರೆ ಅಲ್ಲೇ ಹತ್ತಿಕೊಳ್ಳುತ್ತದೆ.

ಇಂಕ್ ಪ್ರಿಂಟರಿನ ಕಥೆ ಬೇರೆ. ಅದರ ಹೆಡ್ ಕೆಲಸ ಮುಗಿಸಿ ಒಂದು ಬದಿಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಇಂಕ್ ಒಣಗದಿರಲಿ ಎಂದು. ಪ್ರಿಂಟರಿನ ಸ್ವಂತ ಪವರ್ ಬಟನ್ ಒತ್ತಿದರೆ ಹೆಡ್ಡನ್ನು ಅಲ್ಲಿ ಕೂರಿಸಿಯೇ ಆರುತ್ತದೆ. ಗೋಡೆಯ ಸ್ವಿಚ್ ತೆಗೆದರೆ ಹೆಡ್ ನಡುದಾರಿಯಲ್ಲಿ ಬಾಯಿ ತೆರೆದು ನಿಲ್ಲುತ್ತದೆ. ಶನಿವಾರ ಸಂಜೆ ಹಾಗೆ ಬಿಟ್ಟು ಹೋದರೆ ಸೋಮವಾರ ಅಕ್ಷರಗಳ ನಡುವೆ ಬಿಳಿ ಗೆರೆ ಕಂಡರೆ ಆಶ್ಚರ್ಯವಿಲ್ಲ, ಅದನ್ನು ಸರಿಮಾಡಲು ಹೆಡ್ ಕ್ಲೀನಿಂಗ್ ಕೊಟ್ಟು ಕೊಟ್ಟು ಇಂಕ್ ಸುರಿಯಬೇಕು.

ಸ್ವಿಚ್ ತೆಗೆಯುವುದರ ಇನ್ನೊಂದು ಫಲ ನೋಡಲು ತಮಾಷೆ, ಪೇಪರಿಗೆ ದಂಡ. ಪ್ರಿಂಟರ್ ಆರಿದರೂ ಕಂಪ್ಯೂಟರಿನಲ್ಲಿ ಕೆಲಸ ಅರ್ಧಕ್ಕೆ ನಿಂತು ಕಾಯುತ್ತಿರುತ್ತದೆ. ಮತ್ತೆ ಆನ್ ಮಾಡಿದೊಡನೆ ಉಳಿದರ್ಧ ಬಂದು ಬೀಳಬಹುದು. ಆದರೆ ಇದು ಯಾವ ಪ್ರಿಂಟರ್ ಭಾಷೆಯ ಮಾಹಿತಿ, ಹೇಗೆ ಓದಬೇಕು ಎಂದು ಯಂತ್ರಕ್ಕೆ ತಿಳಿಸುವ ಭಾಗ ಮೊದಲರ್ಧದ ಜೊತೆಗೇ ಹೋಗಿರುತ್ತದೆ. ಆಗ ಕೆಲವು ಪ್ರಿಂಟರುಗಳು ಬಂದದ್ದನ್ನೆಲ್ಲ ಬರಿ ಅಕ್ಷರವೆಂದು ತಿಳಿದು ಹಾಳೆಗೊಂದು ಸಾಲು ಅರ್ಥವಿಲ್ಲದ ಚಿಹ್ನೆ ಹೊಡೆಯುತ್ತಾ ಹೋಗುತ್ತವೆ. ವೈರಸ್ ಬಂದಿದೆ ಎಂದು ಗಾಬರಿಯಾಗುವುದು ಇದನ್ನು ಕಂಡೇ. ಪೇಪರ್ ತೆಗೆದು, ಕೇಬಲ್ ಕಳಚಿ, ಪ್ರಿಂಟರ್ ಆರಿಸಿ, ಕ್ಯೂ ಪೂರ್ತಿ ಖಾಲಿ ಮಾಡಿ, ಆಮೇಲೆ ಕೇಬಲ್ ಹಾಕಿದರೆ ಆಯಿತು. ಈ ಹೊತ್ತಿನಲ್ಲಿ ಮಾತ್ರ ಪವರ್ ತೆಗೆಯುವುದು ಸರಿ.

ನಮ್ಮ ಕಡೆ ಕೈ ಹಾಕಿ ಸ್ವಿಚ್ ತೆಗೆಯಬೇಕೆಂದೇನಿಲ್ಲ, ಕರೆಂಟ್ ತಾನಾಗಿಯೇ ಹೋಗುತ್ತದೆ. ಕಂಪ್ಯೂಟರ್ ಯುಪಿಎಸ್ ಮೇಲೆ ಬದುಕಿರುತ್ತದೆ, ಲೇಸರ್ ಪ್ರಿಂಟರ್ ಆರುತ್ತದೆ. ಪ್ರಿಂಟರನ್ನೂ ಯುಪಿಎಸ್‌ಗೆ ಯಾಕೆ ಹಾಕಿಲ್ಲ ಎಂದು ಗಿರಾಕಿಗಳು ಕೇಳುತ್ತಾರೆ. ಸಾಮಾನ್ಯ 600 ವಿಎ ಯುಪಿಎಸ್ ತಾಳುವುದು ಸುಮಾರು 360 ವ್ಯಾಟ್, ಫ್ಯೂಸರ್ ಬಿಸಿಯೇರುವ ಕ್ಷಣದಲ್ಲಿ ಲೇಸರ್ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ಪ್ರಿಂಟರನ್ನೂ ಅದಕ್ಕೇ ಹಾಕಿದರೆ ಎರಡೂ ಒಟ್ಟಿಗೆ ಆರುತ್ತವೆ, ಟೈಪ್ ಮಾಡಿದ್ದೂ ಹೋಗುತ್ತದೆ. ಹಾಗಾಗಿ ಕರೆಂಟ್ ಹೋದ ಕೂಡಲೇ ನಾನು ಮಾಡುವುದು ಕ್ಯೂ ಪಾಸ್. ಗಿರಾಕಿ ಕಾಯದೆ ಎದ್ದು ಹೋಗಿರುತ್ತಾನೆ, ಕರೆಂಟ್ ಬಂದಾಗ ಯಂತ್ರ ಮಾತ್ರ ಮರೆಯದೆ ಅವನ ಪ್ರಶ್ನೆಪತ್ರಿಕೆಯ ಗಂಟನ್ನು ಹೊಡೆಯಲು ಶುರುಮಾಡುತ್ತದೆ.

ಅದಕ್ಕಿಂತ ನನಗೆ ಹೆಚ್ಚು ಭಯ ಬಾಂಡ್ ಪೇಪರಿನದು. ಕ್ರಯಕ್ಕೋ, ಬಾಡಿಗೆ ಕರಾರಿಗೋ ಜನ ಹಣ ಕಟ್ಟಿ ಇ-ಸ್ಟ್ಯಾಂಪ್ ಹಾಳೆ ತರುತ್ತಾರೆ, ಅದರ ಕೆಳಭಾಗದಲ್ಲಿ ನಾವು ಕರಾರು ಹೊಡೆದುಕೊಡಬೇಕು. ಕ್ಯೂನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದ ಹಳೆಯ ಕೆಲಸ ಆ ಹಾಳೆ ಟ್ರೇಗೆ ಬಿದ್ದೊಡನೆ ಜೀವ ತಳೆದರೆ, ಒಬ್ಬರ ಸ್ಟ್ಯಾಂಪ್ ಹಾಳೆಯ ಮೇಲೆ ಇನ್ನೊಬ್ಬರ ಆಧಾರ್ ಚಿತ್ರ. ಅದಕ್ಕೇ ನಮ್ಮಲ್ಲಿ ಬಾಂಡ್ ಹಾಳೆ ಮುಟ್ಟುವ ಮೊದಲು ಕ್ಯೂ ತೆರೆದು ಸೊನ್ನೆ ಎಂದು ಕಣ್ಣಲ್ಲಿ ನೋಡಬೇಕು, ಮಾಮೂಲಿ ಬಿಳಿ ಹಾಳೆಯಲ್ಲಿ ಒಂದು ಪ್ರತಿ ತೆಗೆದು ಅಳತೆ ಸರಿಯಿದೆಯೇ ಎಂದು ಬಾಂಡ್ ಮೇಲಿಟ್ಟು ಬೆಳಕಿಗೆ ಹಿಡಿಯಬೇಕು, ಆಮೇಲೆ ಒಂದೇ ಒಂದು ಹಾಳೆ ಇಡಬೇಕು. ಯುಎಸ್‌ಬಿ ಕೇಬಲನ್ನು ಬೇರೆ ಪೋರ್ಟಿಗೆ ಚುಚ್ಚಿದರೆ ವಿಂಡೋಸ್ ಅದೇ ಪ್ರಿಂಟರಿಗೆ ‘ಕಾಪಿ 1’ ಎಂದು ಇನ್ನೊಂದು ಹೆಸರು ಹುಟ್ಟಿಸಬಹುದು. ಆಗ ಕ್ಯೂ ಎರಡಾಗುತ್ತದೆ, ಎರಡನ್ನೂ ನೋಡಬೇಕು.

ರಿಬ್ಬನ್ನಿನ ಮೇಲೆ ಸೂಜಿ ಹೊಡೆದು ಅಕ್ಷರ ಮೂಡಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಈಗಲೂ ಒಂದಿದೆ, ಅಕ್ಕಿ ಗಿರಣಿಯವರ ಮೂರು ಪ್ರತಿ ಬಿಲ್ಲಿಗೆ. ಅದರಲ್ಲಿ ಪಾಸ್ ಬಟನ್ ಒತ್ತಿದರೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಪವರ್ ಆನ್ ಇರುವಾಗ ಬದಿಯ ಗುಂಡಿ ತಿರುಗಿಸಿ ಹಾಳೆ ಎಳೆಯಬಾರದು, ಒಳಗಿನ ಗೇರಿಗೆ ಪೆಟ್ಟು.

ಮುಂಗಡವಾಗಿ ಮಾಡಿಟ್ಟುಕೊಂಡ ಎರಡು ಸೆಟ್ಟಿಂಗ್ ಹೇಳಿಬಿಡುತ್ತೇನೆ. ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ, ಕೊನೆಯ ಪುಟವೂ ಕ್ಯೂಗೆ ಬಂದ ಮೇಲಷ್ಟೇ ಪ್ರಿಂಟ್ ಶುರುಮಾಡು ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ದೊಡ್ಡ ಫೈಲ್ ಮೊದಲ ಹಾಳೆ ಹೊರಬರಲು ತುಸು ತಡ ಮಾಡುತ್ತದೆ, ಆ ಸಮಯದಲ್ಲಿ ಕ್ಯೂನಲ್ಲಿ ಪುಟಗಳ ಸಂಖ್ಯೆ ಏರುವುದು ಕಾಣುತ್ತದೆ. ನಾಲ್ಕು ಅಂದವರದ್ದು ನಲವತ್ತು ದಾಟಿದರೆ ಅಲ್ಲೇ ಕ್ಯಾನ್ಸಲ್, ಒಂದು ಹಾಳೆಯೂ ಹಾಳಿಲ್ಲ. ಅದೇ ಪುಟದ ಕೆಳಗೆ, ಪ್ರಿಂಟ್ ಆದ ದಾಖಲೆಗಳನ್ನು ಉಳಿಸಿಕೋ ಎಂಬುದಕ್ಕೆ ಟಿಕ್ ಇದ್ದರೆ ನಾನು ತೆಗೆಯುತ್ತೇನೆ. ಅದು ಇದ್ದರೆ ಮುಗಿದ ಕೆಲಸವೂ ಕ್ಯೂನಲ್ಲಿ ಕೂತಿರುತ್ತದೆ, ಯಾರು ಬೇಕಾದರೂ ಮತ್ತೆ ತೆಗೆಯಬಹುದು. ಊರಿನವರ ಆಧಾರ್, ಪಾಸ್‌ಬುಕ್, ಪಹಣಿ ಎಲ್ಲ ಹಾದುಹೋಗುವ ಯಂತ್ರದಲ್ಲಿ ಆ ಟಿಕ್ ಇರಕೂಡದು.